ಕಡಲಾಚೆಯ ಆಯೇರಿ

ಒಬ್ಬ ಕಳ್ಳನಿಗೆ ನನ್ನ ಪಾದದ ಅಳತೆಯನ್ನು ನಾನೇ ಕೈಯಾರೆ ಕಳಿಸಿಕೊಟ್ಟಿದ್ದೇನೆ. ಯಾರೂ ಒತ್ತಾಯ ಮಾಡಿರಲಿಲ್ಲ. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ, ಅದರ ಮೇಲೆ ಬರಿಗಾಲಲ್ಲಿ ನಿಂತು, ಹೆಂಡತಿಯ ಕೈಗೆ ಪೆನ್ಸಿಲ್ಲು ಕೊಟ್ಟು ಸುತ್ತಲೂ ಗೆರೆ ಎಳೆಸಿಕೊಂಡೆ. ಹೆಬ್ಬೆರಳಿನ ಹತ್ತಿರ ಬಂದಾಗ ಕಚಗುಳಿಯಾಗಿ ಕಾಲು ಅಲುಗಿತು.

"ಸುಮ್ನ ನಿಂದರ್ರಿ. ಬೂಟು ಸಣ್ಣು ಬಂದ್ರ ಬದಲಿ ಮಾಡಸಾಕ ಸ್ಕಾಟ್ಲೆಂಡಿಗೆ ನೀವು ಹೋಗ್ತೀರೇನು?" ಎಂದಳು.

"ಒಂಚೂರು ದೊಡ್ಡದ ತಗಿ. ಸಾಕ್ಸ್ ಹಾಕ್ಕೋಬೇಕಲ್ಲ," ಎಂದೆ ನಾನು.

ಆ ಪೇಪರಿನ ಫೋಟೋ ತೆಗೆದು ರಾಮದುರ್ಗದಲ್ಲಿದ್ದ ತಂಗಿಗೆ ಕಳಿಸಿದೆ. ಅವಳು ಅದನ್ನು ಅವನಿಗೆ ಕಳಿಸಿದಳು. ಈಗ ಅದು ಯಾವ ಊರಿನ ಯಾವ ಕೋಣೆಯಲ್ಲಿ, ಯಾವ ನಾಲ್ಕು ಜನ ನಕ್ಕು ಮುಗಿಸಿದ ಫೋನಿನಲ್ಲಿ ಬಿದ್ದಿದೆಯೋ ಗೊತ್ತಿಲ್ಲ. ನೆನೆದಾಗಲೆಲ್ಲ ಅವನ ಮೇಲಿನ ಹೇಸಿಗೆ ಅರ್ಧ, ನನ್ನ ಮೇಲಿನದು ಅರ್ಧ ಎಂದು ಹೇಳಿಕೊಳ್ಳುತ್ತೇನೆ. ಪ್ರಾಮಾಣಿಕವಾಗಿ ಪಾಲು ಮಾಡಿದರೆ ನನ್ನದೇ ಜಾಸ್ತಿ.

ನಾನು ಹುಟ್ಟಾ ಕಾಳಜಿಯ ಮನುಷ್ಯ. ಅಂಗಡಿಗೆ ಕೀಲಿ ಹಾಕಿ ನಾಲ್ಕು ಹೆಜ್ಜೆ ನಡೆದು, ತಿರುಗಿ ಬಂದು ಕೀಲಿ ಜಗ್ಗಿ ನೋಡುತ್ತೇನೆ. ಬಸ್ಸಿನಲ್ಲಿ ಕೂತರೆ ಡ್ರೈವರ್ ಎಷ್ಟು ಸಲ ಆಕಳಿಸಿದ ಎಂದು ಎಣಿಸುತ್ತೇನೆ. ಮನೆಯಲ್ಲಿ ಯಾರಾದರೂ ಎರಡು ಸಲ ಕೆಮ್ಮಿದರೆ ಮೂರನೆಯದಕ್ಕೆ ನನ್ನ ಮನಸ್ಸಿನಲ್ಲಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ ಬಂದು ನಿಂತಿರುತ್ತದೆ. ಇಂಥ ನನಗೆ ಐವತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ಕಾಳಜಿ ಆಗಲಿಲ್ಲ. ಆಗಲೇಬೇಕಾಗಿದ್ದ ಸಲ.

ಅದೂ ಬಟ್ಟೆ ಅಂಗಡಿಯವನು ನಾನು. ಮೂವತ್ತು ವರ್ಷ ಸೀರೆ, ಪತ್ತಲ, ಶರ್ಟ್ ಪೀಸು ಮಾರಿದ ಕೈ. ಕಣ್ಣು ಮುಚ್ಚಿ ಸೆರಗು ಮುಟ್ಟಿ ರೇಷ್ಮೆಯೋ ರೇಷ್ಮೆಯಂಥದ್ದೋ ಹೇಳಬಲ್ಲೆ. ಆದರೆ ಮೊಬೈಲಿನಲ್ಲಿ ಅವನ ಫೋಟೋ ನೋಡಿದಾಗ ನಾನು ಮೊದಲು ನೋಡಿದ್ದು ಅವನ ಕೋಟನ್ನು. ಬೂದು ಬಣ್ಣದ ಉಣ್ಣೆಯ ಕೋಟು, ಭುಜದ ಹತ್ತಿರ ಒಂದು ಸುಕ್ಕಿಲ್ಲ. "ಹೊಲಿಗಿ ನೋಡು, ಕಾಲರ್ ಹೆಂಗ ಕುಂತೈತಿ ನೋಡು," ಎಂದು ಹೆಂಡತಿಗೆ ತೋರಿಸಿದೆ. ಕೋಟಿನೊಳಗೆ ಯಾರಿದ್ದಾರೆ ಎಂದು ನೋಡಬೇಕು ಅನ್ನಿಸಲಿಲ್ಲ.

ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಮದುವೆಯಾದ ಆರನೆಯ ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ರಾಮದುರ್ಗದ ಪೇಟೆಯಲ್ಲಿ ನಮ್ಮಪ್ಪ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಅಂಗಡಿ, ಅದರ ಹಿಂದೆ ಎರಡು ಕೋಣೆ. ಅಪ್ಪ ಹೋದ ಮೇಲೆ ಅದು ನಮ್ಮಿಬ್ಬರ ಹೆಸರಿಗೆ ಬಂತು. ನಾನು ಅದಕ್ಕೂ ಮೊದಲೇ ಮಾವನ ಅಂಗಡಿ ನೋಡಿಕೊಳ್ಳಲು ಬೈಲಹೊಂಗಲಕ್ಕೆ ಬಂದು ನೆಲೆಯೂರಿದ್ದೆ. ತಂಗಿ ಅಪ್ಪನ ಅಂಗಡಿಯಲ್ಲಿ ಎರಡು ಹೊಲಿಗೆ ಮಷೀನು ಹಾಕಿಕೊಂಡು ಹದಿನೈದು ವರ್ಷ ಬ್ಲೌಸು ಹೊಲಿದಳು. ಅವಳ ಊಟ, ಅವಳ ಸೂರು, ಅವಳು ಯಾರ ಮನೆಯ ಅಡಿಗೆಮನೆಯಲ್ಲೂ ಮೂಲೆ ಹಿಡಿದು ಕೂರದೆ ತಲೆಯೆತ್ತಿ ಓಡಾಡುವುದು, ಎಲ್ಲಕ್ಕೂ ಆಧಾರ ಆ ಅಂಗಡಿ. ಕಾಗದದಲ್ಲಿ ಮಾತ್ರ ಅರ್ಧ ನನ್ನದು. ಆ ಅರ್ಧದ ಬಗ್ಗೆ ನಾನು ಎಂದೂ ಮಾತೆತ್ತಿರಲಿಲ್ಲ. ಎಂದೂ ಬಿಟ್ಟುಕೊಟ್ಟಿರಲೂ ಇಲ್ಲ.

ಅವನು ಅವಳಿಗೆ ಸಿಕ್ಕಿದ್ದು ಫೋನಿನಲ್ಲಿ, ಮದುವೆ ಮಾಡಿಸುವ ಒಂದು ಆ್ಯಪಿನಲ್ಲಿ. ಬ್ಲೌಸಿನ ಹುಕ್ಕು ಹಚ್ಚುವ ತನಕ ಕಾಯುತ್ತ ಕೂತ ಗಿರಾಕಿ ಹೆಂಗಸೊಬ್ಬಳು ಚೇಷ್ಟೆಗೆಂದು ಹಾಕಿಕೊಟ್ಟಿದ್ದಳಂತೆ. ಅವನು ಸ್ಕಾಟ್ಲೆಂಡಿನಲ್ಲಿ ಎಲುಬಿನ ಡಾಕ್ಟರ್. ಹೆಂಡತಿ ಸತ್ತು ನಾಲ್ಕು ವರ್ಷ. ತಾಯಿ ಬೆಳಗಾವಿ ಕಡೆಯವಳು, ತಾನು ಚಿಕ್ಕವನಿದ್ದಾಗಲೇ ತೀರಿಕೊಂಡಳು, ಹಾಗಾಗಿ ಕನ್ನಡ ಬರುವುದಿಲ್ಲ. ಮೆಸೇಜುಗಳು ಮಾತ್ರ ಕನ್ನಡದಲ್ಲೇ ಬರುತ್ತಿದ್ದವು. ಯಂತ್ರ ಬರೆದ ಕನ್ನಡ. "ಶುಭೋದಯ ನನ್ನ ರಾಣಿ, ನೀವು ಉಪಾಹಾರವನ್ನು ಸೇವಿಸಿದ್ದೀರಾ?"

ನಾನು ಓದಿ ನಕ್ಕೆ. ತಂಗಿ ನಗಲಿಲ್ಲ.

"ನಗಬ್ಯಾಡ ಅಣ್ಣಾ. ಹದಿನೈದು ವರ್ಷದಾಗ ನನ್ನ ಯಾರೂ ನಾಷ್ಟಾ ಆತೇನು ಅಂತ ಕೇಳಿಲ್ಲ. ಎಲ್ಲಾರೂ ಬ್ಲೌಸ್ ಆತೇನು ಅಂತನ ಕೇಳ್ತಾರ," ಎಂದಳು.

ಆ ಮಾತಿಗೆ ನಾನು ಅಲ್ಲೇ ನಾಚಬೇಕಿತ್ತು. ನಾನೂ ಫೋನು ಮಾಡಿದಾಗ ಕೇಳುತ್ತಿದ್ದುದು ಅದನ್ನೇ, ನಮ್ಮ ಅಂಗಡಿಯ ಗಿರಾಕಿಗಳ ಬ್ಲೌಸು ಆಯಿತೋ ಇಲ್ಲವೋ ಅಂತ. ನಾಚುವ ಬದಲು, "ಇನ್ನಷ್ಟು ಫೋಟೋ ಅದಾವೇನು?" ಎಂದೆ.

ಇದ್ದವು. ಬಿಳಿ ಕಲ್ಲಿನ ಮೆಟ್ಟಿಲಿನ ಮನೆ, ಹಿಂದೆ ಹುಲ್ಲುಗಾವಲು, ಕಪ್ಪು ಕಾರು, ಎರಡು ಕುದುರೆ. ನಮ್ಮ ಕಡೆ ಹೆಣ್ಣು ಕೊಡುವಾಗ ಮನೆತನ ನೋಡಲು ಹೋಗುವ ಹಿರಿಯರು ಹಿತ್ತಲಿಗೆ ಹೋಗಿ ತಿಪ್ಪೆ ಎಷ್ಟು ದೊಡ್ಡದಿದೆ, ಬಣವೆ ಎಷ್ಟಿವೆ ಎಂದು ಕಣ್ಣಲ್ಲೇ ಅಳೆಯುತ್ತಾರೆ. ಊರ ಚಹಾದಂಗಡಿಯಲ್ಲಿ ಕೂತು, ಕ್ಷೌರದಂಗಡಿಯಲ್ಲಿ ಕೂತು, ಮೂರು ತಲೆಮಾರಿನ ಸುದ್ದಿ ಎತ್ತುತ್ತಾರೆ. ಇಪ್ಪತ್ತು ಮೈಲಿಯ ಸಂಬಂಧಕ್ಕೆ ಇಷ್ಟು ಮಾಡುವ ನಾವು ಕಡಲಾಚೆಯ ಸಂಬಂಧಕ್ಕೆ ಎರಡು ಕುದುರೆ ನೋಡಿ ತಲೆಯಾಡಿಸಿದೆವು. ಕುದುರೆಯ ಫೋಟೋವನ್ನು ನಾನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಸೀರೆ ಮಡಚುವುದನ್ನು ಬಿಟ್ಟು ತೋರಿಸಿದೆ. ಒಂದು ಮದುವೆಯಲ್ಲಿ ನನ್ನನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ಮುಂದಿನ ಸೋಫಾದಲ್ಲಿ ಕೂಡಿಸಿದರು. ಕೂತೆ. ಕಾಲ ಮೇಲೆ ಕಾಲು ಹಾಕಿ ಕೂತೆ.

ಇನ್ನು ಆಯೇರಿ. ಗೊತ್ತಿಲ್ಲದವರಿಗೆ ಒಂದು ಮಾತು: ಮದುವೆ, ಶೋಭನ, ತೊಟ್ಟಿಲು, ಮನೆಶಾಂತಿ, ಏನೇ ಕಾರ್ಯವಿರಲಿ, ನಮ್ಮಲ್ಲಿ ಬೀಗರು ಬಿಜ್ಜರಿಗೆ ಬಟ್ಟೆಯ ಉಡುಗೊರೆ ಕೊಡುತ್ತಾರೆ. ಗಂಡಸಿಗೆ ಶರ್ಟ್ ಪೀಸು, ಟಾವೆಲ್ಲು, ಟೊಪ್ಪಿಗೆ. ಹೆಂಗಸಿಗೆ ಸೀರೆ, ಕುಪ್ಪಸದ ಕಣ. ಅದು ಆಯೇರಿ. ಕೊಟ್ಟದ್ದನ್ನು ತಗೊಳ್ಳಬೇಕು, ತಗೊಂಡದ್ದಕ್ಕೆ ತಿರುಗಿ ಮಾಡಬೇಕು. ಯಾರನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ಅದು ಹತ್ತು ವರ್ಷ ಮಾತಿಗೆ ಬರುತ್ತದೆ. ಬಂದ ಆಯೇರಿಯನ್ನು ಬೇಡವೆಂದು ತಿರುಗಿಸಿದರೆ ಸಂಬಂಧವೇ ಮುಗಿಯಿತು. ನನ್ನ ಅಂಗಡಿ ನಡೆಯುವುದೇ ಇದರ ಮೇಲೆ. ಆಯೇರಿಗೆಂದೇ ಬರುವ ಸೀರೆಗಳಿವೆ. ಯಾರೂ ಉಡುವುದಿಲ್ಲ, ಮನೆಯಿಂದ ಮನೆಗೆ ಹೋಗುತ್ತವೆ, ಎರಡು ವರ್ಷಕ್ಕೆ ಒಮ್ಮೊಮ್ಮೆ ನನ್ನ ಕಣ್ಣ ಮುಂದೆಯೇ ಅದೇ ಮಡಿಕೆಯಲ್ಲಿ ಹಾದುಹೋಗುತ್ತವೆ.

ಡಾಕ್ಟರು ನಿಮ್ಮ ಮನೆಯವರಿಗೆಲ್ಲ ಉಡುಗೊರೆ ಕಳಿಸಬೇಕು, ಯಾರು ಯಾರಿದ್ದಾರೆ, ಅಳತೆ ಏನು, ಬರೆದು ಕಳಿಸು ಎಂದು ತಂಗಿಗೆ ಹೇಳಿದ. ಅವನ ಮನಸ್ಸಿನಲ್ಲಿ ಇದ್ದುದು ತಂಗಿ ಮತ್ತು ಅವಳ ಅಣ್ಣ, ಅಷ್ಟೇ ಇರಬೇಕು. ಪಾಪ, ನಮ್ಮ ಜನ ಅವನಿಗೆ ಗೊತ್ತಿರಲಿಲ್ಲ. ನಾನು ಮತ್ತು ಹೆಂಡತಿ ಕೂತು ಬರೆದ ಪಟ್ಟಿ ಪುಟ ತಿರುವಿತು.

"ಕಟಕೋಳ ಕಾಕಾನ ಬರದೀರೇನು?" ಎಂದು ಹೆಂಡತಿ ಕೇಳಿದಳು. ಕಾಕಾ ನಮ್ಮಪ್ಪನ ತಮ್ಮ, ಮನೆತನಕ್ಕೆ ಈಗ ಅವರೇ ಹಿರಿಯರು.

"ಅವರಿಗೆ ಬೂಟು ಯಾಕ? ಕೆರವು ಮೆಟ್ಟತಾರ."

"ಬೂಟು ಬ್ಯಾಡಂದ್ರ ವಾಚ್ ಬರೀರಿ. ಬಿಟ್ರ ಸತ್ತಾಗ ಹೆಣಾ ಎತ್ತಾಕೂ ಬರೂದಿಲ್ಲ ಅವರು."

ಸುದ್ದಿ ಹಬ್ಬಿದ ಮೇಲೆ ಫೋನುಗಳು ಬಂದವು. ಸವದತ್ತಿಯಿಂದ ದೂರದ ನೆಂಟರೊಬ್ಬರು, "ಮಾವಾರ, ನಂದು ಎಕ್ಸೆಲ್ ರೀ. ಹೊಟ್ಟಿ ಬಂದೈತಿ, ಡಬಲ್ ಎಕ್ಸೆಲ್ ಬರೀರಿ," ಎಂದರು. ಅವರು ನಮ್ಮ ತಂಗಿಯ ಗಂಡ ಸತ್ತಾಗ ಮಾಡಿದ ದಿನಕ್ಕೂ ಬಂದವರಲ್ಲ. ನಾನು ಗೌರವದಿಂದ ಬರೆದುಕೊಂಡೆ. ಇಪ್ಪತ್ತಾರು ಜನ. ಕಾಲರ್ ಅಳತೆ, ಸೊಂಟದ ಅಳತೆ, ಬಳೆಯ ಅಳತೆ. ನಿನಗೆ ಏನು ಬೇಕೆಂದು ಬರೆಯಲಿ ಎಂದು ತಂಗಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಹದಿನೈದು ದಿನಕ್ಕೆ ತಂಗಿಗೆ ಒಂದು ಫೋನು ಬಂತು. ಹಿಂದಿ ಮಾತಾಡುವ ಹೆಂಗಸು. ತಾನು ದಿಲ್ಲಿಯ ವಿಮಾನ ನಿಲ್ದಾಣದ ಕಸ್ಟಮ್ಸಿನವಳು, ನಿಮ್ಮ ಹೆಸರಿಗೆ ದೊಡ್ಡ ಪಾರ್ಸೆಲ್ ಬಂದಿದೆ, ಬಂಗಾರವೂ ಇದೆ, ತೆರಿಗೆ ಕಟ್ಟಿದರೆ ಬಿಡುತ್ತೇವೆ. ಅವಳು ಹೇಳಿದ ಮೊತ್ತ ತಂಗಿಯ ಒಂದು ವರ್ಷದ ಹೊಲಿಗೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಆಮೇಲೆ ಊರೆಲ್ಲ ಬೇರೆಯದನ್ನೇ ಹೇಳಿತು. ತಂಗಿ ಬೇಡ ಅಂದಳು. ಅದೇ ದಿನ ನನಗೆ ಫೋನು ಮಾಡಿ, "ಅಣ್ಣಾ, ನನಗ್ಯಾಕೋ ಸರಿ ಕಾಣವಲ್ದು. ಹೋಗ್ಲಿ ಬಿಡು, ಪಾರ್ಸೆಲ್ ವಾಪಸ್ ಹೋಗ್ಲಿ. ನನಗ ಬಂಗಾರ ಬ್ಯಾಡ. ಅಂವ ಬಂದ್ರ ಖಾಲಿ ಕೈಲೆ ಬರ್ಲಿ," ಎಂದಳು.

"ಹುಚ್ಚಿ ಏನ್ ನೀನು?" ಎಂದೆ ನಾನು. "ಬಂದ ಆಯೇರಿ ಯಾರರ ತಿರಗಸ್ತಾರೇನು? ಅಂವಾ ಏನ್ ತಿಳಕೋಬೇಕು? ಅವ್ವ ನಮ್ಮ ಕಡೇದಾಕಿ ಅಂತೀ, ಅಷ್ಟು ರೀತಿ ರಿವಾಜು ಅವಂಗ ಗೊತ್ತಿರೂದಿಲ್ಲೇನು? ಇಪ್ಪತ್ತಾರು ಮಂದಿಗೆ ಹೇಳಿ ಕುಂತೇವಿ. ನಾಳೆ ಅವರ ಮುಂದ ನಾ ಮುಖಾ ಹೆಂಗ ತೋರಸ್ಲಿ?"

"ನೀ ಹಂಗ ಅಂದ್ರ ಮುಗೀತು," ಎಂದಳು.

ರಾಮದುರ್ಗದ ಅಕ್ಕಸಾಲಿಗರಿಗೆಲ್ಲ ನಮ್ಮಪ್ಪನ ಪರಿಚಯ. ಅಲ್ಲಿ ಬೇಡವೆಂದು ಸವದತ್ತಿಗೆ ಹೋದೆವು. ಅವಳು ಆ ಕಡೆಯ ಬಸ್ಸಿನಲ್ಲಿ ಬಂದಳು, ನಾನು ಈ ಕಡೆಯ ಬಸ್ಸಿನಲ್ಲಿ. ಗುಡ್ಡಕ್ಕೆ ಹೊರಟ ಭಕ್ತರ ನಡುವೆ ಬಸ್ ಸ್ಟ್ಯಾಂಡಿನಲ್ಲಿ ನಿಂತವಳನ್ನು ಗುರುತು ಹಿಡಿದೆ. ಕೊರಳಿನ ಬೋರಮಾಳವನ್ನು, ಅವ್ವ ಹಾಕಿದ್ದ ಚಿನ್ನದ ಗುಂಡಿನ ಸರವನ್ನು, ಅಲ್ಲೇ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. "ನೀನ ಹೋಗಿ ಇಟ್ ಬಾ. ನಾ ಒಳಗ ಬರೂದಿಲ್ಲ," ಎಂದಳು. ಅಡವಿಟ್ಟು ಬಂದೆ. ಮೊಬೈಲಿನಿಂದ ಆ ಹೆಂಗಸು ಹೇಳಿದ ಖಾತೆಗೆ ಕಳಿಸಿದೆವು. ಆಮೇಲೆ ಬಸ್ಸಿಗೆ ಹೊತ್ತಿತ್ತು. ಹೋಟೆಲಿನಲ್ಲಿ ಕೂತು ನಾನು ಎರಡು ಪ್ಲೇಟು ಗಿರ್ಮಿಟ್ಟು, ಅದರ ಮೇಲೆ ಮಿರ್ಚಿ ಭಜಿ ತಿಂದೆ. ಅವಳು ಚಹಾ ಕುಡಿಯುತ್ತ ಬರಿದಾದ ಕೊರಳಿಗೆ ಸೆರಗು ಸುತ್ತಿಕೊಂಡಿದ್ದಳು. ಭಜಿ ಬಿಸಿಯಿತ್ತು ಎನ್ನುವುದು ನನಗೆ ಇವತ್ತಿಗೂ ನೆನಪಿದೆ. ಇದಕ್ಕಿಂತ ಹೆಚ್ಚಿಗೆ ನನ್ನ ಬಗ್ಗೆ ಏನು ಹೇಳಲಿ?

ಪಾರ್ಸೆಲ್ ಬರಲಿಲ್ಲ. ಇನ್ನೊಂದು ಕಾಗದ ಬೇಕಾಯಿತು, ಅದಕ್ಕೂ ಕಟ್ಟಿದೆವು. ಮತ್ತೆ ಡಾಕ್ಟರು ಬೇಸರ ಮಾಡಿಕೊಂಡು, ಪಾರ್ಸೆಲ್ ಹಾಳಾಗಲಿ, ತಾನೇ ಬರುತ್ತೇನೆ ಎಂದ. ಬರುವ ಮೊದಲು ಒಂದು ಯೋಚನೆ ಹೇಳಿದ. ನಿನ್ನ ಕೈಯ ಕೆಲಸ ಸಣ್ಣ ಅಂಗಡಿಯಲ್ಲಿ ವ್ಯರ್ಥವಾಗುತ್ತಿದೆ. ಹುಬ್ಬಳ್ಳಿಯಲ್ಲಿ ದೊಡ್ಡ ಬೊಟಿಕ್ ತೆಗೆಯೋಣ. ನಿನ್ನ ಅಂಗಡಿಯ ಕಾಗದ ತಯಾರಿಟ್ಟುಕೋ, ಅದರ ಮೇಲೆ ಮೊದಲು ಸ್ವಲ್ಪ ಸಾಲ ಎತ್ತಿಕೋ, ಉಳಿದದ್ದೆಲ್ಲ ನನ್ನದು.

ಅದಕ್ಕೆ ನನ್ನ ಸಹಿ ಬೇಕಿತ್ತು. ನನಗೆ ಆಗಲೂ ಕಾಳಜಿ ಆಗಲಿಲ್ಲ. ಬೈಲಹೊಂಗಲದಲ್ಲಿ ಆಸ್ತಿಯ ಮೇಲೆ ದುಡ್ಡು ಕೊಡುವ ಒಬ್ಬರ ಹತ್ತಿರ ಮಾತಾಡಿ ಇಟ್ಟೆ. ಅಂಗಡಿಯ ಹಕ್ಕಿನ ಉತಾರ, ಆಧಾರ್ ಕಾರ್ಡಿನ ಪ್ರತಿ, ಪಾಸ್‌ಪೋರ್ಟ್ ಅಳತೆಯ ಫೋಟೋ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿದೆ. ತಂಗಿಯ ಅಂಗಡಿ ಹೋದರೆ ಅವಳೆಲ್ಲಿ ಇರುತ್ತಾಳೆ ಎಂಬ ಪ್ರಶ್ನೆ ಬರಲಿಲ್ಲ. ಬಿಳಿ ಮೆಟ್ಟಿಲಿನ ಮನೆಯಲ್ಲಿ ಇರುತ್ತಾಳಲ್ಲ. ಬೊಟಿಕ್ಕಿಗೆ ಬಟ್ಟೆ ನಮ್ಮ ಅಂಗಡಿಯಿಂದಲೇ ಹೋಗುತ್ತದಲ್ಲ ಎಂಬ ಲೆಕ್ಕ ಮಾತ್ರ ಬಂತು.

ಅವನು ಗೋವಾದಲ್ಲಿ ಇಳಿದು ಬೆಳಗಾವಿಯ ಮೇಲೆ ಕಾರಿನಲ್ಲಿ ಬರುತ್ತಾನೆ, ಹೈವೇ ಮೇಲೆ ಕಿತ್ತೂರಿನಲ್ಲಿ ಎದುರುಗೊಳ್ಳುವುದು ಎಂದು ನಿಶ್ಚಯವಾಯಿತು. ನಾವು ನಾಲ್ಕು ಜನ, ತಂಗಿ, ಹೆಂಡತಿ, ಕಾಕಾ ಮತ್ತು ನಾನು, ಬಾಡಿಗೆ ಗಾಡಿ ಮಾಡಿಕೊಂಡು ಮುಂಜಾನೆ ಹತ್ತಕ್ಕೇ ಹೋಗಿ ಸರ್ವಿಸ್ ರಸ್ತೆಯ ಪಕ್ಕದ ಒಂದು ಹೋಟೆಲಿನ ಮುಂದೆ ನಿಂತೆವು. ಹೆಂಡತಿಯ ಕೈಯಲ್ಲಿ ಆರತಿ ತಟ್ಟೆ, ಧೂಳು ಬೀಳದಂತೆ ಮೇಲೆ ಟಾವೆಲ್ಲು. ಕಾಕಾ ತಲೆಗೆ ಹೊಸ ಪಟಕಾ ಸುತ್ತಿದ್ದರು. ನಾನು ಅವನಿಗೆಂದು ಅಂಗಡಿಯ ಒಳ್ಳೆಯ ಶಾಲು, ಧೋತರ ತಂದಿದ್ದೆ. ತಿರುಗಿ ಆಯೇರಿ ಮಾಡಬೇಕಲ್ಲ. ತಂಗಿ ಇಳಕಲ್ ಸೀರೆ ಉಟ್ಟಿದ್ದಳು. ಅವಳನ್ನು ಹಾಗೆ ನೋಡಿ ಎಷ್ಟೋ ವರ್ಷವಾಗಿತ್ತು.

ಪುಣೆ ಕಡೆಯ ಲಾರಿಗಳು, ಬೆಂಗಳೂರು ಕಡೆಯ ಬಸ್ಸುಗಳು. ಕಪ್ಪು ಕಾರು ಬಂದಾಗಲೆಲ್ಲ ಹೆಂಡತಿ ಟಾವೆಲ್ಲು ಎತ್ತುತ್ತಿದ್ದಳು. ಹನ್ನೊಂದಾಯಿತು, ಹನ್ನೆರಡಾಯಿತು.

"ತಮ್ಮಾ, ಅವಂಗ ನಮ್ಮನ್ನ ಗುರ್ತಾ ಹೆಂಗ ಸಿಗಬೇಕು?" ಎಂದು ಕಾಕಾ ಕೇಳಿದರು.

"ಹೈವೇದಾಗ ಆರತಿ ಹಿಡಕೊಂಡು ನಿಂತಾವರು ನಾವೊಬ್ರ ಅಲ್ಲೇನ್ರಿ ಕಾಕಾ," ಎಂದಳು ತಂಗಿ. ಅವಳ ದನಿಯಲ್ಲಿ ಏನೋ ಬದಲಾಗಿತ್ತು. ನನಗೆ ಕೇಳಿಸಿತು, ಕೇಳಿಸಲಿಲ್ಲ ಅಂದುಕೊಂಡೆ.

ಒಂದು ಗಂಟೆಗೆ ಫೋನು ಬಂತು. ಹೆಂಡತಿಯ ಒತ್ತಾಯಕ್ಕೆ ತಂಗಿ ಸ್ಪೀಕರ್ ಹಾಕಿದಳು. ಅವನ ದನಿಯನ್ನು ನಾನು ಮೊದಲ ಸಲ ಕೇಳಿದ್ದು. ಹಿಂದಿ, ನಡುನಡುವೆ ಇಂಗ್ಲಿಷು. ವಿಮಾನ ನಿಲ್ದಾಣದಲ್ಲಿ ಹಿಡಿದಿದ್ದಾರೆ, ಜಾಸ್ತಿ ವಿದೇಶಿ ಹಣ ತಂದಿದ್ದಕ್ಕೆ ದಂಡ, ಇವತ್ತೇ ಕಟ್ಟದಿದ್ದರೆ ಜೈಲು. ಅಣ್ಣ ಜೊತೆಗಿದ್ದಾರಲ್ಲ, ಕಾಗದ ಇದೆಯಲ್ಲ, ಅಂಗಡಿಯ ಮೇಲೆ ಎತ್ತಿ ಕಳಿಸಿ, ನಾಳೆ ಹತ್ತು ಪಟ್ಟು ಕೊಡುತ್ತೇನೆ, ನನ್ನ ರಾಣಿ.

ಎಲ್ಲರೂ ನನ್ನ ಕಂಕುಳಲ್ಲಿದ್ದ ಫೈಲನ್ನು ನೋಡಿದರು. ನನಗೆ ಆ ಕ್ಷಣ ಗೊತ್ತಾಗಿತ್ತು. ಇದು ಮೋಸ ಎಂದು ಗೊತ್ತಾಗಿತ್ತು. ಆದರೆ ಕಾಕಾ ಪಟಕಾ ಸುತ್ತಿ ನಿಂತಿದ್ದರು, ಹೋಟೆಲಿನ ಜನ ಬಾಗಿಲಿಗೆ ಬಂದು ನೋಡುತ್ತಿದ್ದರು, ಇಪ್ಪತ್ತಾರು ಜನ ಮನೆಯಲ್ಲಿ ಕಾಯುತ್ತಿದ್ದರು. ನನ್ನ ಕೈ ಅಂಗಿಯ ಜೇಬಿನ ಪೆನ್ನನ್ನು ಮುಟ್ಟಿ ನೋಡಿಕೊಂಡಿತು.

ತಂಗಿ ಫೋನನ್ನು ಬಾಯಿಯ ಹತ್ತಿರ ತಂದಳು. ಅವಳ ಹರಕು ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು. ದಂಡ ಕಟ್ಟಲು ನನ್ನ ಹತ್ತಿರ ಇಲ್ಲ. ನಿನ್ನ ದುಡ್ಡು ಅವರೇ ಇಟ್ಟುಕೊಳ್ಳಲಿ, ನನಗೆ ಬೇಡ. ಬಂಗಾರ ಬೇಡ, ಕಾರು ಬೇಡ. ನೀನು ಹೊರಗೆ ಬಂದು ಬೆಳಗಾವಿಗೆ ಹೋಗುವ ಬಸ್ಸು ಹತ್ತು. ಬೆಳಗಾವಿಯಲ್ಲಿ ನಾನು ಬಂದು ನಿಂತಿರುತ್ತೇನೆ. ಟಿಕೇಟಿನ ದುಡ್ಡು ಈಗಲೇ ಕಳಿಸುತ್ತೇನೆ. ನಾಷ್ಟಾ ಆಗಿರಲಿಕ್ಕಿಲ್ಲ, ಅದಕ್ಕೂ ಸೇರಿಸಿ ಕಳಿಸುತ್ತೇನೆ.

ಆ ಕಡೆಯಿಂದ ಬಂದದ್ದನ್ನು ಇಲ್ಲಿ ಬರೆಯಲಾರೆ. ಅವಳ ವಯಸ್ಸು, ಅವಳ ಮೈ, ಸತ್ತ ಅವಳ ಗಂಡ, ಒಂದನ್ನೂ ಬಿಡಲಿಲ್ಲ. ನಿನ್ನಂಥ ಮುದಿ ರಂಡೆಗೆ ಇಷ್ಟು ತಿಂಗಳು ಹಾಳು ಮಾಡಿದೆನಲ್ಲ ಎಂದು ಕೊನೆಗೆ ಉಗಿದು ಫೋನಿಟ್ಟ. ಕಿತ್ತೂರಿನ ಹೈವೇ ಪಕ್ಕದಲ್ಲಿ, ಸ್ಪೀಕರಿನಲ್ಲಿ, ಅಷ್ಟೂ ಜನರ ಎದುರಿಗೆ. ಹೊಲಸು ನೀರನ್ನು ಕೊಡದಲ್ಲಿ ತುಂಬಿ ಮುಖಕ್ಕೆ ಹೊಯ್ದಂತೆ.

ಮೊದಲು ಮಾತಾಡಿದವಳು ನನ್ನ ಹೆಂಡತಿ. "ಅಯ್ಯ ನಮ್ಮವ್ವಾ, ಬಸ್ ಹತ್ತು ಅಂತೀಯಲ್ಲ, ಅಷ್ಟು ದೊಡ್ಡ ಮನಶ್ಯಾಗ! ಸಿಟ್ಟು ಬರಲಾರದ ಏನಾದೀತು?"

"ಹೌದಲ್ಲ," ಎಂದರು ಕಾಕಾ. "ಹೆಣ್ಣಮಕ್ಳು ಜರಾ ತಗ್ಗಿ ಮಾತಾಡಬೇಕು ಯವ್ವಾ."

ನಾನು? ಎಲ್ಲ ಗೊತ್ತಾಗಿದ್ದ ನಾನು? "ಇನ್ನೊಮ್ಮೆ ಫೋನ್ ಹಚ್ಚಿ ತಪ್ಪಾತು ಅನ್ನು. ಅನ್ನಾಕ ಏನ್ ಹೋಗೂದೈತಿ?" ಎಂದೆ.

ಆ ಕಳ್ಳ ಬೈದದ್ದನ್ನು ಅವಳು ಮರೆತಾಳು. ಅವನು ಯಾರೋ. ಇದನ್ನು ಅಂದವನು ಅವಳ ಅಣ್ಣ.

ಅವಳು ನನ್ನ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿದಳು. "ವೈನಿ, ಆರತಿ ಆರಸ್ರಿ, ಎಣ್ಣಿ ಸುಮ್ನ ಉರಿತೈತಿ," ಎಂದು ನನ್ನ ಹೆಂಡತಿಗೆ ಹೇಳಿ, ರಸ್ತೆ ದಾಟಿ ಹೋಗಿ ಬಂದ ಬಸ್ಸಿಗೆ ಕೈ ಮಾಡಿ ಹತ್ತಿದಳು. ಇಳಕಲ್ ಸೀರೆಯಲ್ಲಿ, ಒಬ್ಬಳೇ. ಮೂರು ಬಸ್ಸು ಬದಲಾಯಿಸಿ ರಾಮದುರ್ಗ ಮುಟ್ಟಿದಳೆಂದು ಆಮೇಲೆ ಗೊತ್ತಾಯಿತು. ಮುಟ್ಟಿದೆಯೋ ಇಲ್ಲವೋ ಎಂದು ನಾನು ಮಾಡಿದ ಹನ್ನೊಂದು ಫೋನುಗಳಲ್ಲಿ ಒಂದನ್ನೂ ಎತ್ತಲಿಲ್ಲ. ಕಾಳಜಿ ಆಗ ಶುರುವಾಗಿತ್ತು ನೋಡಿ, ಕೆಲಸವೆಲ್ಲ ಕೆಟ್ಟ ಮೇಲೆ.

ಮರುದಿನವೇ ಅವಳು ತಾನಾಗಿ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿದಳು. ನಂಬರುಗಳೆಲ್ಲ ಅಷ್ಟರಲ್ಲಿ ಸತ್ತಿದ್ದವು. ಇಪ್ಪತ್ತಾರು ಜನರೂ, "ನಮಗ ಮೊದಲ ಸಂಶೆ ಇತ್ತು," ಎಂದರು. ಡಬಲ್ ಎಕ್ಸೆಲ್ಲಿನವರು ಎಲ್ಲರಿಗಿಂತ ಮೊದಲು ಅಂದರು. ಈ ವಯಸ್ಸಿನಲ್ಲಿ ಅವಳಿಗೆ ಇದು ಬೇಕಿತ್ತೇ ಎಂದು ಮಾತಾಡಿಕೊಂಡರು. ಬೂಟು ಬೇಕಾಗಿದ್ದವರ ವಯಸ್ಸನ್ನು ಯಾರೂ ಕೇಳಲಿಲ್ಲ.

ತಿಂಗಳ ನಂತರ ನಾನೇ ರಾಮದುರ್ಗಕ್ಕೆ ಹೋದೆ. ತಂಗಿ ಮಷೀನಿನ ಮುಂದೆ ಇದ್ದಳು. ಗಿರಾಕಿ ಹೋಗುವ ತನಕ ನನ್ನನ್ನು ನಿಲ್ಲಿಸಿಯೇ ಇಟ್ಟಳು. ಆಮೇಲೆ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು.

"ಅಣ್ಣಾ, ಅಂಗಡಿ ನನ್ನ ಹೆಸರಿಗೆ ಮಾಡಿ ಕೊಡು. ಪೂರಾ."

"ಯಾಕ? ನಾ ಏನ್ ಕೇಳಾಕ ಬಂದೇನೇನು? ನಂದು ಬರೇ ಕಾಗದದಾಗ ಐತಿ."

"ಆ ಕಾಗದಾನ ಅವತ್ತು ಕಿತ್ತೂರಿಗೆ ತಂದಿದ್ದಿ. ನಾ ಬಸ್ ಹತ್ತು ಅನ್ನದಿದ್ರ ಸಂಜೀಕ ಸಹಿ ಮಾಡತಿದ್ದಿ. ಹೌದೋ ಅಲ್ಲೋ?"

ಇಲ್ಲ ಅನ್ನಲು ಬಾಯಿ ತೆರೆದೆ. ಪೆನ್ನು ಮುಟ್ಟಿದ ಬೆರಳು ನೆನಪಾಯಿತು. "ಹೌದು," ಎಂದೆ.

"ಮುಂದ ಮತ್ತೊಬ್ಬ ಬರ್ತಾನ. ಅವನ ಕ್ವಾಟು ಇನ್ನೂ ಚಲೋ ಇರ್ತೈತಿ. ನನಗ ಅವನ ಅಂಜಿಕಿ ಇಲ್ಲ. ನಿಂದ ಅಂಜಿಕಿ."

ನಾನು ಕೂಡಲೇ ಒಪ್ಪಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ವಾರ ತೆಗೆದುಕೊಂಡೆ. ಪೇಟೆಯ ಜಾಗಕ್ಕೆ ಈಗ ಏನು ಬೆಲೆ ನಡೆದಿದೆ ಎಂದು ಇಬ್ಬರನ್ನು ಕೇಳಿದೆ ಕೂಡ. ಹೆಂಡತಿ, "ತಲಿ ಕೆಟ್ಟೈತೇನು ನಿಮಗ," ಎಂದು ಮಾತು ಬಿಟ್ಟಳು. ಕಳ್ಳನಿಗೆ ಬರೆದು ಕೊಡಲು ಒಂದು ದಿನವೂ ಯೋಚಿಸದವನು ತಂಗಿಗೆ ಬರೆದು ಕೊಡಲು ಮೂರು ವಾರ ಹೊರಳಾಡಿದೆ. ಈ ಲೆಕ್ಕ ನನಗೇ ಒಂದು ಮುಂಜಾನೆ ಅಂಗಡಿಯಲ್ಲಿ ಸೀರೆ ಮಡಚುವಾಗ ಹೊಳೆದು, ಕೈಯಲ್ಲಿದ್ದ ಸೀರೆಯನ್ನು ಹಾಗೇ ಬಿಟ್ಟು ಬಸ್ಸು ಹತ್ತಿದೆ.

ರಾಮದುರ್ಗದ ನೋಂದಣಿ ಕಚೇರಿಯ ಎದುರಿನ ಪತ್ರ ಬರಹಗಾರರು ಹಕ್ಕು ಬಿಡುಗಡೆಯ ಕಾಗದ ಟೈಪು ಮಾಡಿ ಇಬ್ಬರಿಗೂ ಕೇಳುವಂತೆ ಓದಿದರು. ಚೆಕ್ಕುಬಂದಿ ಓದಿದರು, ನಮ್ಮಪ್ಪನ ಹೆಸರು ಓದಿದರು. "ಸದರಿ ಆಸ್ತಿಯಲ್ಲಿನ ನನ್ನ ಅರ್ಧ ಹಿಸ್ಸೆಯನ್ನು ನನ್ನ ತಂಗಿಯ ಮೇಲಿನ ಪ್ರೀತಿ ವಿಶ್ವಾಸದಿಂದ..."

"ಅಲ್ಲಿ ನಿಂದರ್ರಿ," ಎಂದಳು ತಂಗಿ. "ಆ ಮಾತು ತಗೀರಿ."

"ಯಾವ್ದ್ರಿ ಅಕ್ಕಾರ?"

"ಪ್ರೀತಿ. ಅದನ್ನ ಬರೀಬ್ಯಾಡ್ರಿ. ಬರೇ ಬಿಟ್ಟುಕೊಟ್ಟಾರ ಅಂತ ಬರೀರಿ."

ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಹಂಗ ಬರಾಕ ಬರೂದಿಲ್ರಿ. ರೊಕ್ಕಾ ಇಸಗೊಂಡಿಲ್ಲ ಅಂದ್ರ ಯಾಕ ಬಿಟ್ರು ಅಂತ ಕಾರಣ ಹಾಕಬೇಕಲ್ರಿ. ಎಲ್ಲಾರ ಕಾಗದದಾಗೂ ಹಿಂಗ ಇರ್ತೈತಿ. ನಾ ಏನ್ ಹೊಸಾದು ಬರದಿಲ್ಲ."

"ಎಲ್ಲಾರ ಕಾಗದದಾಗೂ ಇರ್ತೈತೇನು?"

"ಎಲ್ಲಾರ್ದರಾಗೂ ಇರ್ತೈತ್ರಿ. ಕೋರ್ಟಿನಾಗ ಬಡದಾಡಿ ಬಂದಾವರ್ದರಾಗೂ."

"ಹಂಗಾರ ಇರ್ಲಿ ಬಿಡ್ರಿ," ಎಂದಳು.

ನಾನು ಸಹಿ ಮಾಡಿ ಹೆಬ್ಬೆಟ್ಟು ಒತ್ತಿದೆ. ಅವಳು ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, ಬೆರಳಿಟ್ಟು, ಒಂದೊಂದೇ ಸಾಲನ್ನು ಮೊದಲಿನಿಂದ ಓದತೊಡಗಿದಳು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಬರಹಗಾರರು, "ನಾ ಓದಿ ಹೇಳೇನಲ್ರಿ ಅಕ್ಕಾರ," ಎಂದರು. ಅವಳು ತಲೆ ಎತ್ತಲಿಲ್ಲ. ಎರಡನೆಯ ಪುಟವನ್ನೂ ಕೊನೆಯ ತನಕ ಓದಿ ಮುಗಿಸಿ, ಮತ್ತೆ ಮೊದಲ ಪುಟಕ್ಕೆ ಬಂದಳು. ನಾನು ಶಾಯಿ ಹತ್ತಿದ ಹೆಬ್ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಪಕ್ಕದಲ್ಲಿ ನಿಂತಿದ್ದೆ.